ಒಂಬತ್ತು ಜನರ ಕೆಲಸಕ್ಕೆ ಕಾರ್ಮಿಕ ಸಂಘವೇಕೆ?

ಹೊರನಾಡಿನಲ್ಲಿ ನೆಲೆನಿಂತ ನಮಗೆ ‘ಸಂಘ’ ಎಂಬ ಮಾತು ಕಿವಿಗೆ ಬಿದ್ದೊಡನೆ ನೆನಪಾಗುವುದು ರಾಜ್ಯೋತ್ಸವದ ವೇದಿಕೆ, ನಾಟಕದ ತಾಲೀಮು, ವಾರ್ಷಿಕ ಚಂದಾ. ಅದರ ಹಿಂದೆ ‘ಕಾರ್ಮಿಕ’ ಎಂಬ ವಿಶೇಷಣ ಸೇರಿದರೆ ಮಾತ್ರ ನಮ್ಮಲ್ಲಿ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ಈ ವಿಷಯವನ್ನು ಇಲ್ಲಿ ಎತ್ತಲು ಕಾರಣವಿದೆ. ಕೋಥರೂಡದಲ್ಲಿ ಹಳೆಯ ಸೊಸೈಟಿಗಳನ್ನು ಕೆಡವಿ ಎತ್ತರದ ಕಟ್ಟಡಗಳನ್ನು ನಿಲ್ಲಿಸುವ ಕೆಲಸ ಕೆಲವು ವರ್ಷಗಳಿಂದ ಎಡೆಬಿಡದೆ ನಡೆದಿದೆ. ಅವುಗಳಿಗೆ ಬಣ್ಣ ಬಳಿಯುವ, ನಳ ಜೋಡಿಸುವ, ವಿದ್ಯುತ್ ತಂತಿ ಎಳೆಯುವ ಚಿಕ್ಕ ಚಿಕ್ಕ ಘಟಕಗಳಲ್ಲಿ ಕನ್ನಡಿಗರವೂ ಉಂಟು. ಯಜಮಾನ ವಿಜಾಪುರದವನಾದರೆ ಕೆಲಸಗಾರರು ಇಂಡಿ, ಸಿಂದಗಿ, ಆಳಂದದ ಕಡೆಯವರು. ಇಂಥ ಒಂದು ಘಟಕವನ್ನು ನಡೆಸುವ ಸಜ್ಜನರೊಬ್ಬರು ಈಚೆಗೆ ನನ್ನನ್ನು ಕೇಳಿದರು: “ನನ್ನ ಒಂಬತ್ತೂ ಹುಡುಗರು ಯೂನಿಯನ್ ಸೇರತೀವಿ ಅಂತಾರ. ನಾನೂ ದಿನಾ ಅವರ ಜೋಡಿ ಬ್ರಶ್ ಹಿಡಿಯಾಂವ. ಒಂದ ಮನೀ ಮಂದಿ ಹಂಗ ಇದ್ದೀವಿ. ನಡುವ ಮೂರನೇದವರು ಯಾಕ ಬೇಕ್ರೀ?”

ಅವರ ಭಯಕ್ಕೆ ಬುಡವೇ ಇಲ್ಲವೆಂದು ನಾನು ಹೇಳಲಾರೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೂಡಿದ ಮುಷ್ಕರ ಹೇಗೆ ಕರಗಿಹೋಯಿತೆಂಬುದನ್ನು ಆ ಪೀಳಿಗೆಯ ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. 1989ರಲ್ಲಿ ಪುಣೆಯ ಟೆಲ್ಕೊ ಕಾರ್ಮಿಕರು ರಾಜನ್ ನಾಯರ್ ಅವರೊಡನೆ ಶನಿವಾರವಾಡೆಯ ಮುಂದೆ ಉಪವಾಸ ಕುಳಿತದ್ದು, ಪೊಲೀಸರು ರಾತ್ರೋರಾತ್ರಿ ಅವರನ್ನು ಎಬ್ಬಿಸಿ ಒಯ್ದದ್ದು ಈ ಊರಿನ ಹಿರಿಯರಿಗೆ ನೆನಪಿದೆ. ಆದರೆ ಅವೆರಡೂ ಗೇಟು ಇದ್ದ ಕಾರಖಾನೆಗಳ ಕಥೆಗಳು. ಕೋಥರೂಡದಲ್ಲಿಯೂ ಅಂಥ ಗೇಟು ಇತ್ತು. 1962ರಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಕಮಿನ್ಸ್ ಕಂಪನಿಯದು. (ಕಿರ್ಲೋಸ್ಕರರ ಉದ್ಯಮದ ಮೊದಲ ಹೆಜ್ಜೆ ನಮ್ಮ ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ ಎಂಬ ಮಾತನ್ನು ಹೇಳದೆ ಬಿಡಲು ಮನಸ್ಸಾಗುವುದಿಲ್ಲ.) ಗೇಟು ಇದ್ದಲ್ಲಿ ಹಾಜರಿ ಇರುತ್ತದೆ, ಪಗಾರ ಚೀಟಿ ಇರುತ್ತದೆ, ಮಾತಾಡಲು ಎದುರಿಗೊಬ್ಬ ಮಾಲೀಕ ಇರುತ್ತಾನೆ. ಬಣ್ಣದ ಡಬ್ಬಿ ಹೊತ್ತು ಈ ತಿಂಗಳು ಡಹಾಣೂಕರ ಕಾಲೊನಿ, ಮುಂದಿನ ತಿಂಗಳು ವಾರಜೆ ಎಂದು ತಿರುಗುವವನಿಗೆ ಇವು ಯಾವುವೂ ಇಲ್ಲ.

ಒಂಬತ್ತು ಎಂಬ ಸಂಖ್ಯೆಯನ್ನೇ ಸ್ವಲ್ಪ ನೋಡೋಣ. ರಾಜ್ಯ ವಿಮೆಯ ಆಸ್ಪತ್ರೆಯ ಸೌಲಭ್ಯಕ್ಕೆ ಘಟಕದಲ್ಲಿ ಹತ್ತು ಜನರಿರಬೇಕು, ಭವಿಷ್ಯನಿಧಿಗೆ ಇಪ್ಪತ್ತು. ಒಂಬತ್ತರಲ್ಲಿ ನಿಂತ ಘಟಕ ಎರಡರಿಂದಲೂ ಹೊರಗೆ. ಹೀಗೆ ನಿಲ್ಲುವುದು ಯಾವಾಗಲೂ ಆಕಸ್ಮಿಕವಲ್ಲವೆಂಬುದನ್ನು ವ್ಯವಹಾರ ಬಲ್ಲ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಹುಡುಗನೊಬ್ಬ ಸಾರವೆಯಿಂದ ಬಿದ್ದರೆ ಪರಿಹಾರದ ಹೊಣೆ ಮಾಲೀಕನದೇ. 1923ರ ಕಾಯಿದೆಯಿಂದ ನಡೆದುಬಂದ ಈ ಹೊಣೆಗೆ ತಲೆಯೆಣಿಕೆಯ ರಿಯಾಯಿತಿ ಇಲ್ಲ. ಒಂದು ಅಪಘಾತ ಆ ಹುಡುಗನ ಸಂಸಾರವನ್ನೂ ಈ ಸಜ್ಜನರ ಸಂಸಾರವನ್ನೂ ಒಟ್ಟಿಗೆ ಬೀದಿಗೆ ತರಬಲ್ಲದು. ‘ಒಂದೇ ಮನೆ’ ಎಂಬುದು ಈ ಒಂದು ಅರ್ಥದಲ್ಲಿ ನಿಜ.

ಇನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. 1996ರ ಕಾಯಿದೆ ಹಾಕಿಕೊಟ್ಟ ಪದ್ಧತಿಯಂತೆ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರ ಉಪಕರ ಸಂಗ್ರಹವಾಗುತ್ತದೆ. ಹದಿನೆಂಟರಿಂದ ಅರುವತ್ತು ವಯಸ್ಸಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ಯಾರೂ ಅದರ ಫಲಾನುಭವಿಯಾಗಬಹುದು. ಬಣ್ಣದವರೂ ನಳದವರೂ ಅದರಲ್ಲಿ ಸೇರುತ್ತಾರೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಏರ್ಪಾಡನ್ನು ಉಳಿಸಿಕೊಂಡಿದೆ. ಆದರೆ ಆ 90 ದಿನಗಳನ್ನು ಬರೆದಿಟ್ಟವರು ಯಾರು? ಊಟ ಹಾಕುವ, ಮದುವೆಗೆ ಮುಂಗಡ ಕೊಡುವ, ಹಬ್ಬಕ್ಕೆ ಊರಿಗೆ ಕಳಿಸುವ ಯಜಮಾನರು ಹಾಜರಿ ಪುಸ್ತಕವನ್ನು ಮಾತ್ರ ಇಟ್ಟಿರುವುದಿಲ್ಲ. ಪ್ರೀತಿ ಧಾರಾಳವಾಗಿದೆ, ಕಾಗದವಿಲ್ಲ. ಕಾಗದ ಕೇಳಲು ಒಬ್ಬೊಬ್ಬನಿಗೆ ಧೈರ್ಯ ಸಾಲದು. ಆ ಧೈರ್ಯಕ್ಕಾಗಿಯೇ ಅವರು ಹೊರಗಿನ ಸಂಘಟನೆಯನ್ನು ಹುಡುಕುತ್ತಾರೆ. ನಮ್ಮ ವೇದಿಕೆಗಳಲ್ಲಿ ‘ಕಾಯಕ’ದ ಬಗೆಗೆ ಭಾಷಣ ಮಾಡುವವರು ಇದನ್ನು ಗಮನಿಸಬೇಕು.

ಯಜಮಾನರ ನಿಜವಾದ ಆಕ್ಷೇಪ ಬೇರೆಯೇ ಇದೆ, ಅದು ಗಟ್ಟಿಯಾದದ್ದು. “ನಾನು ದರ ಏರಿಸಿದರೆ ಬಿಲ್ಡರ್ ಪಕ್ಕದವನಿಗೆ ಕೆಲಸ ಕೊಡುತ್ತಾನೆ.” ಒಂದೇ ಘಟಕದೊಳಗೆ ಒಂಬತ್ತು ಜನರ ಸಂಘ ಕಟ್ಟಿದರೆ ಈ ಮಾತಿಗೆ ಉತ್ತರವಿಲ್ಲ. ಉತ್ತರವಿರುವುದು ಇಡೀ ಊರಿನ, ಇಡೀ ಕಸುಬಿನ ಸಂಘಟನೆಯಲ್ಲಿ. ಅದಕ್ಕೆ ದೃಷ್ಟಾಂತವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಇದೇ ಪುಣೆಯಲ್ಲಿ ಡಾ. ಬಾಬಾ ಆಢಾವರು ಕಟ್ಟಿದ ಹಮಾಲ ಪಂಚಾಯತ್ ಇದೆ. ಹಮಾಲನಿಗೂ ಒಬ್ಬನೇ ಮಾಲೀಕನಿಲ್ಲ. ಬೆಳಿಗ್ಗೆ ಒಂದು ಅಂಗಡಿಯ ಮೂಟೆ, ಮಧ್ಯಾಹ್ನ ಇನ್ನೊಂದರದು. 1969ರ ಮಾಥಾಡಿ ಕಾಯಿದೆ ಇಂಥವರಿಗಾಗಿಯೇ ಬಂತು. ವ್ಯಾಪಾರಿಯೂ ಹಮಾಲನೂ ಒಂದೇ ಮಂಡಳಿಯಲ್ಲಿ ನೋಂದಣಿಯಾಗುತ್ತಾರೆ. ವ್ಯಾಪಾರಿ ಕೂಲಿಯನ್ನೂ ಅದರ ಮೇಲೊಂದಿಷ್ಟು ವಂತಿಗೆಯನ್ನೂ ಮಂಡಳಿಗೆ ಕಟ್ಟುತ್ತಾನೆ. ಹಮಾಲನ ಕೂಲಿಯೂ ಭವಿಷ್ಯನಿಧಿಯೂ ಅಲ್ಲಿಂದ ಬರುತ್ತವೆ. ಎಲ್ಲ ಅಂಗಡಿಗಳಿಗೂ ಒಂದೇ ದರವಾದ ಮೇಲೆ ಕೂಲಿಯವನ ಹೊಟ್ಟೆಯ ಮೇಲೆ ಪೈಪೋಟಿ ನಡೆಸುವ ದಾರಿ ಮುಚ್ಚುತ್ತದೆ. ಅದೇ ಪಂಚಾಯತ್ ‘ಕಷ್ಟಾಚಿ ಭಾಕರ್’ ಎಂಬ ಅಗ್ಗದ ಊಟದ ಕೇಂದ್ರಗಳನ್ನೂ ನಡೆಸಿತು. ಸಂಘವೆಂದರೆ ಬರಿಯ ಘೋಷಣೆ ಎಂದುಕೊಂಡವರು ಅಲ್ಲಿ ಒಮ್ಮೆ ಊಟ ಮಾಡಬೇಕಿತ್ತು.

ಬ್ರಶ್ ಹಿಡಿಯುವ ಯಜಮಾನರೂ ಸದಸ್ಯರಾಗಬಹುದೆ? ಸ್ವಂತ ರಿಕ್ಷಾ ಓಡಿಸುವವರು ಇಲ್ಲಿ ರಿಕ್ಷಾ ಪಂಚಾಯತಿನಲ್ಲಿ ಇದ್ದಾರೆ; ಆದರೆ ಅವರು ಇನ್ನೊಬ್ಬರಿಗೆ ಪಗಾರ ಕೊಡುವವರಲ್ಲ. ಪಗಾರ ಕೊಡುವವನು ಪಗಾರದ ಮಾತು ನಡೆವ ಕೋಣೆಯಲ್ಲಿ ಕುಳಿತರೆ ‘ಅಣ್ಣಾರ’ ಎಂದು ಕರೆಯುವ ಹುಡುಗರ ನಾಲಿಗೆ ಏಳುವುದಿಲ್ಲ. ಯಜಮಾನರು ತಮ್ಮಂಥ ಗುತ್ತಿಗೆದಾರರೊಡನೆ ಪ್ರತ್ಯೇಕವಾಗಿ ಕೂಡಲಿ, ಬಿಲ್ಡರನ ಎದುರು ದರಕ್ಕಾಗಿ ನಿಲ್ಲಲಿ. ಮಾಲೀಕರು ಮಾಲೀಕರೊಳಗೆ ಕಟ್ಟಿಕೊಂಡ ಕೂಟವನ್ನೂ 1926ರ ಕಾಯಿದೆ ‘ಟ್ರೇಡ್ ಯೂನಿಯನ್’ ಎಂದೇ ಕರೆದಿತ್ತು, 2020ರ ಸಂಹಿತೆಯೂ ಹಾಗೆಯೇ ಕರೆಯುತ್ತದೆ ಎಂಬುದು ನಮ್ಮ ಉದ್ಯಮಿಗಳಿಗೆ ತಿಳಿದಂತಿಲ್ಲ.

ಹಾಗಾದರೆ ಕನ್ನಡ ಕಾರ್ಮಿಕರದೇ ಒಂದು ಸಂಘವಾಗಲಿ ಎಂದು ಕೆಲವು ಉತ್ಸಾಹಿಗಳು ಸೂಚಿಸಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಸಾರವೆಯ ಮೇಲೆ ಮರಾಠವಾಡೆಯವನೂ ಬಿಹಾರದವನೂ ಜೊತೆಗಿರುತ್ತಾರೆ. ಭಾಷೆಗೊಂದು ಸಂಘವಾದರೆ ಬಿಲ್ಡರನಿಗೆ ಹಬ್ಬ. ಮಂಗಳೂರಿನಿಂದ ಮುಂಬಯಿಗೆ ಹೋದ ಜಾರ್ಜ್ ಫರ್ನಾಂಡಿಸರು ಟ್ಯಾಕ್ಸಿ ಚಾಲಕರನ್ನು ಕೂಡಿಸಿದಾಗ ಅವರ ತಾಯ್ನುಡಿ ಕೇಳಲಿಲ್ಲ. ಆದರೆ ಸಭೆ ಮರಾಠಿಯಲ್ಲಿ ನಡೆದು, ಅರ್ಜಿ ಮರಾಠಿಯಲ್ಲಿದ್ದಾಗ, ಸಿಂದಗಿಯ ಹುಡುಗ ಓದದೆ ಹೆಬ್ಬೆಟ್ಟು ಒತ್ತಿ ಬರುತ್ತಾನೆ. ನಮ್ಮ ಸಂಘಗಳು ಅಲ್ಲಿ ಉಪಯೋಗಕ್ಕೆ ಬರಬೇಕು. ತಿಂಗಳಿಗೆ ಒಂದು ಸಂಜೆ ಸಭಾಗೃಹದ ಬಾಗಿಲು ತೆರೆದು, ಮಂಡಳಿಯ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಿ, ತುಂಬಿಕೊಡಲು ಮರಾಠಿ ಬಲ್ಲ ಇಬ್ಬರು ನಿವೃತ್ತರು ಸಾಕು. ಕೋಥರೂಡದಲ್ಲಿ ಅಂಥ ನಿವೃತ್ತರಿಗೆ ಕೊರತೆಯಿಲ್ಲ; ಬೆಳಗಿನ ವಾಯುವಿಹಾರದಲ್ಲಿ ನಾನು ದಿನವೂ ಅವರನ್ನು ಕಾಣುತ್ತೇನೆ.