ಗೌರಿಬಿದನೂರಿನ ಆಂಟೆನಾಗಳು, ಗಡಿಯ ಮಕ್ಕಳ ಕಂಪ್ಯೂಟರ್ ಪಾಠ

ಹಿಂದೂಪುರದಿಂದ ಬೆಂಗಳೂರಿನ ಕಡೆಗೆ ಹೊರಟ ರೈಲು ರಾಜ್ಯದ ಗಡಿಯನ್ನು ದಾಟಿ, ವಿದುರಾಶ್ವತ್ಥವನ್ನು ಕಳೆದು ಗೌರಿಬಿದನೂರನ್ನು ತಲಪಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆ ಊರಿನ ಸಮೀಪದ ಬಯಲಿನಲ್ಲಿ 1976ರಿಂದ ಒಂದು ಖಗೋಳ ವೀಕ್ಷಣಾಲಯ ಕೆಲಸ ಮಾಡುತ್ತಿದೆ. ಭಾರತೀಯ ಖಗೋಳಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಅದನ್ನು ಕೂಡಿ ಸ್ಥಾಪಿಸಿದವು. ಅಲ್ಲಿಯ ಮೂಲ ದೂರದರ್ಶಕದಲ್ಲಿ ಗುಮ್ಮಟವೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ನೆಲದ ಮೇಲೆ ಹರಡಿದ 1000 ಆಂಟೆನಾಗಳೇ ಅದರ ಕಣ್ಣುಗಳು. ಪೂರ್ವ–ಪಶ್ಚಿಮವಾಗಿ 1.38 ಕಿಲೋಮೀಟರ್ ಉದ್ದಕ್ಕೆ 640, ದಕ್ಷಿಣದ ಕಡೆಗೆ 0.45 ಕಿಲೋಮೀಟರ್ ಉದ್ದಕ್ಕೆ 360.

ಈ ಆಂಟೆನಾಗಳು ಹಿಡಿಯುತ್ತಿದ್ದುದು ಬೆಳಕನ್ನಲ್ಲ, 34.5 ಮೆಗಾಹರ್ಟ್ಸ್ ಆವರ್ತಾಂಕದ ರೇಡಿಯೋ ಅಲೆಗಳನ್ನು. ಅವುಗಳಲ್ಲಿ ಒಂದೊಂದು ಅಲೆಯ ಉದ್ದ ಸುಮಾರು 8.7 ಮೀಟರ್. ರಥೋತ್ಸವದ ಡೋಲಿನ ಸದ್ದು ಬೀದಿಯ ಈ ತುದಿಯವನಿಗೆ ಮೊದಲು, ಆ ತುದಿಯವನಿಗೆ ತುಸು ತಡವಾಗಿ ಕೇಳಿಸುವಂತೆ, ಆಕಾಶದಿಂದ ಓರೆಯಾಗಿ ಬಂದ ಅಲೆ ಒಂದು ತುದಿಯ ಆಂಟೆನಾವನ್ನು ಮೊದಲು ಮುಟ್ಟುತ್ತದೆ. ಆ ಅಂತರವನ್ನು ಅಳೆದರೆ ಅಲೆ ಬಂದ ದಿಕ್ಕು ತಿಳಿಯುತ್ತದೆ. ಸಂಕೇತಗಳನ್ನು ಒಂದಕ್ಕೊಂದು ಗುಣಿಸಿ, ಕೂಡಿ, ಮತ್ತೆ ಮತ್ತೆ ಲೆಕ್ಕ ಹಾಕಿದಾಗ ಚಿತ್ರ ಮೂಡುತ್ತದೆ. ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯ ಶಂಕರ್ ಅವರು 1990ರಲ್ಲಿ ಪ್ರಕಟಿಸಿದ ಆಕಾಶದ ನಕಾಶೆ ಈ ಬಯಲಿನ ಬೆಳೆ. ಅದು ಕಣ್ಣಿನಿಂದ ನೋಡಿ ಬರೆದುದಲ್ಲ, ಗಣಿತದಿಂದ ಬಿಡಿಸಿದುದು.

ಅಷ್ಟು ಲೆಕ್ಕವನ್ನು ಮನುಷ್ಯ ಕೈಯಿಂದ ಮಾಡಲಾರ. ಯಂತ್ರಕ್ಕೆ ಅದನ್ನು ಹಂತಹಂತವಾಗಿ ಹೇಳಿಕೊಡುವ ವಿದ್ಯೆಯೇ ಪ್ರೋಗ್ರಾಮಿಂಗ್. ಇಂದಿನ ಖಗೋಳ ವಿಜ್ಞಾನದಲ್ಲಿ ಆಕಾಶವನ್ನು ನೋಡುವವನಷ್ಟೇ ಮುಖ್ಯನಾದವನು ಆ ಲೆಕ್ಕವನ್ನು ಬರೆಯಬಲ್ಲ ಎಂಜಿನಿಯರ್. ಆದುದರಿಂದಲೇ ರಾಮನ್ ಸಂಶೋಧನಾ ಸಂಸ್ಥೆಯು ‘ಸ್ವಾನ್’ ಎಂಬ ತನ್ನ ಆಂಟೆನಾ ಜಾಲದ ಯೋಜನೆಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೂ ಪಾಲು ನೀಡಿದೆ. ಅದರ ಮೊದಲ ಆಂಟೆನಾಗಳು ನಿಂತಿರುವುದೂ ಗೌರಿಬಿದನೂರಿನಲ್ಲೇ.

ಇಲ್ಲಿ ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಶಾಲೆಯ ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕಂಪ್ಯೂಟರ್ ಎಂದರೆ ಇಂಗ್ಲಿಷ್ ಅಲ್ಲವೇ? ಕನ್ನಡದಲ್ಲಿ ಓದುವ ಮಗುವಿಗೆ ಆ ಬಾಗಿಲು ತೆರೆದೀತೇ? ಈ ಭಯದಿಂದಲೇ ಮಗುವನ್ನು ಐದಾರನೆಯ ತರಗತಿಯಲ್ಲಿ ಬೇರೆ ಶಾಲೆಗೆ ಸೇರಿಸುವವರಿದ್ದಾರೆ.

ಸಂಶೋಧನೆ ಬೇರೆ ಮಾತನ್ನು ಹೇಳುತ್ತದೆ. ‘ಸ್ಕ್ರ್ಯಾಚ್’ ಎಂಬುದು ಮಕ್ಕಳಿಗಾಗಿ ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ಪ್ರೋಗ್ರಾಮಿಂಗ್ ಸಾಧನ. ಅದನ್ನು ಬಳಸುವ ಹೊಸ ಕಲಿಕೆಗಾರರ ಕೆಲಸವನ್ನು ಸಯಮಿಂದು ದಾಸಗುಪ್ತ ಮತ್ತು ಬೆಂಜಮಿನ್ ಮಾಕೊ ಹಿಲ್ ಪರಿಶೀಲಿಸಿದರು. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಆದೇಶಗಳನ್ನು ತಮ್ಮ ನಾಡಿನ ಭಾಷೆಯಲ್ಲಿ ಕಂಡವರು ಇಂಗ್ಲಿಷಿನಲ್ಲಿ ಕಂಡವರಿಗಿಂತ ಬೇಗನೆ ಹೊಸ ಪರಿಕಲ್ಪನೆಗಳನ್ನು ಬಳಸತೊಡಗಿದರು. ‘ಹೀಗಾದರೆ ಇದನ್ನು ಮಾಡು, ಇಲ್ಲವಾದರೆ ಅದನ್ನು ಮಾಡು’ ಎಂಬ ತರ್ಕ ಯಾವ ಭಾಷೆಯ ಸೊತ್ತೂ ಅಲ್ಲ. 12ನೆಯ ಶತಮಾನದಲ್ಲೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದ. ಲೆಕ್ಕದ ಕ್ರಮವನ್ನು ಹೇಳಲು ಈ ಭಾಷೆಗೆ ಬಾಯಿ ಬಾರದೆಂಬ ಅಳುಕು ಬೇಡ.

ಆದರೂ ಇಂಗ್ಲಿಷ್ ಬೇಡವೆಂದಲ್ಲ. ವಿಜ್ಞಾನಿಗಳು ಹೆಚ್ಚಾಗಿ ಬಳಸುವ ‘ಪೈಥಾನ್’ ಭಾಷೆಯಲ್ಲಿ ಕಾಯ್ದಿರಿಸಿದ ಇಂಗ್ಲಿಷ್ ಪದಗಳು ಸುಮಾರು 35. ಉಳಿದ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ತರ್ಕವನ್ನು ಮನೆಮಾತಿನಲ್ಲಿ ಕಲಿತು, ಆ ಪದಗಳನ್ನೂ ಪಠ್ಯ ಓದುವಷ್ಟು ಇಂಗ್ಲಿಷನ್ನೂ ಜೊತೆಜೊತೆಗೆ ಕಲಿಯುವುದು ಸರಿಯಾದ ದಾರಿ.

ನಿಜವಾದ ತೊಡಕಿರುವುದು ಮುಂದಿನ ಮೆಟ್ಟಿಲಿನಲ್ಲಿ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅನುಮತಿ ನೀಡಿತು. ಅದೇ ವರ್ಷದಿಂದ ಜೆಇಇ ಮೇನ್ ಪರೀಕ್ಷೆ 13 ಭಾಷೆಗಳಲ್ಲಿ ನಡೆಯುತ್ತಿದೆ. ಅವುಗಳಲ್ಲಿ ಕನ್ನಡವೂ ಒಂದು. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಆಂಧ್ರದ ಕೇಂದ್ರಗಳಲ್ಲಿ ಇರುವ ಪ್ರಾದೇಶಿಕ ಭಾಷೆ ತೆಲುಗು. ಕಲ್ಯಾಣದುರ್ಗದ ಕನ್ನಡ ವಿದ್ಯಾರ್ಥಿ ತನ್ನ ಜಿಲ್ಲೆಯಲ್ಲಿ ಕುಳಿತು ತನ್ನ ಭಾಷೆಯಲ್ಲಿ ಆ ಪರೀಕ್ಷೆಯನ್ನು ಬರೆಯುವಂತಿಲ್ಲ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಬೋಧನೆಯ ಮಾತನ್ನಾಡುವುದು ಪ್ರಾಥಮಿಕ ಹಂತದವರೆಗೆ ಮಾತ್ರ. ಆದರೆ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳನ್ನು ಪರಿಶೀಲಿಸುವ ವಿಶೇಷಾಧಿಕಾರಿಯನ್ನು 350ಬಿ ವಿಧಿ ಒದಗಿಸಿದೆ. ಗಡಿ ಜಿಲ್ಲೆಗಳಲ್ಲಿ ಒಂದು ಕೇಂದ್ರದಲ್ಲಾದರೂ ಕನ್ನಡ ಪತ್ರಿಕೆ ಇರಲಿ ಎಂಬ ಮನವಿಯನ್ನು ಶಾಲಾ ಪಾಲಕರು ಒಟ್ಟಾಗಿ ಆ ಅಧಿಕಾರಿಗೂ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಗೂ ಲಿಖಿತವಾಗಿ ಸಲ್ಲಿಸಬಹುದು. ಒಬ್ಬರ ಅರ್ಜಿಗಿಂತ ನೂರು ಸಹಿಗಳ ಅರ್ಜಿಗೆ ತೂಕ ಹೆಚ್ಚು.

ಅಲ್ಲಿಯವರೆಗೆ ಪ್ರೌಢಶಾಲೆಯ ಹಂತದಲ್ಲೇ ಮೂರು ಕೆಲಸಗಳು ಆಗಬೇಕು. ಗಣಿತವನ್ನು ಕನ್ನಡದಲ್ಲಿ ಗಟ್ಟಿಯಾಗಿ ಕಲಿಸುವುದು, ಅದರ ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪವನ್ನು ಪಕ್ಕದಲ್ಲೇ ಬರೆಸುವುದು, ಪರೀಕ್ಷೆಯ ಮಾಹಿತಿ ಪುಸ್ತಿಕೆಯಲ್ಲಿ ಭಾಷೆ ಮತ್ತು ಕೇಂದ್ರದ ನಿಯಮವನ್ನು ಆಯಾ ವರ್ಷ ಓದಿಯೇ ಅರ್ಜಿ ತುಂಬುವುದು. ಆಕಾಶದ ಅಲೆಗಳು ರಾಜ್ಯದ ಗಡಿಯನ್ನು ಕೇಳಿ ಬರುವುದಿಲ್ಲ. ಪರೀಕ್ಷೆಯ ನಿಯಮ ಮನುಷ್ಯರು ಬರೆದದ್ದು, ಆದುದರಿಂದ ತಿದ್ದಲೂ ಬರುತ್ತದೆ.