ವಾಸ್ತುಶಿಲ್ಪ ಶಿಕ್ಷಣದಲ್ಲಿ ಗಣಕಯಂತ್ರದ ಸ್ಥಾನ

ವಾಸ್ತುಶಿಲ್ಪದ ವಿದ್ಯಾಲಯಗಳಲ್ಲಿ ಹಿಂದೆ ನಕಾಶೆಯ ಹಲಗೆಗೂ ಸೀಸದ ಕಡ್ಡಿಗೂ ಇದ್ದ ಸ್ಥಾನವನ್ನು ಇಂದು ಬಹುಮಟ್ಟಿಗೆ ಗಣಕಯಂತ್ರವು ಪಡೆದುಕೊಂಡಿದೆ. ಗೆರೆ ಎಳೆಯುವ ಕೆಲಸಕ್ಕೆ ಮಾತ್ರ ಅದು ಒದಗುತ್ತಿದ್ದರೆ ವಿಶೇಷ ಚರ್ಚೆಗೆ ಕಾರಣವಿರುತ್ತಿರಲಿಲ್ಲ. ಈಗ ಬಂದಿರುವ ವಿದ್ಯೆ ಬೇರೆ ಬಗೆಯದು. ಅದನ್ನು ಪ್ಯಾರಾಮೆಟ್ರಿಕ್ ವಿನ್ಯಾಸವೆಂದು ಕರೆಯುತ್ತಾರೆ. ಇದರಲ್ಲಿ ವಿದ್ಯಾರ್ಥಿಯು ಕಟ್ಟಡದ ಆಕಾರವನ್ನು ನೇರವಾಗಿ ಬರೆಯುವುದಿಲ್ಲ. ಆ ಆಕಾರವನ್ನು ಹುಟ್ಟಿಸುವ ನಿಯಮವನ್ನು ಬರೆಯುತ್ತಾನೆ. ಕಂಬಗಳ ಅಂತರ, ಸೂರಿನ ಚಾಚು, ಕಿಟಕಿಯ ಎತ್ತರ ಇವುಗಳಲ್ಲಿ ಒಂದನ್ನು ಬದಲಿಸಿದರೆ ಅದಕ್ಕೆ ಹೊಂದಿಕೊಂಡ ಉಳಿದೆಲ್ಲವೂ ತಾವಾಗಿಯೇ ಬದಲಾಗುತ್ತವೆ. ಬಿಸಿಲು, ಗಾಳಿ, ಮಳೆಗಳ ದತ್ತಾಂಶವನ್ನು ಒದಗಿಸಿದರೆ, ಯಾವ ಆಕಾರ ಹೆಚ್ಚು ತಂಪಾಗಿರುತ್ತದೆ ಎಂಬುದನ್ನೂ ಯಂತ್ರವೇ ಎಣಿಸಿ ತಿಳಿಸುತ್ತದೆ. 2007ರಲ್ಲಿ ಹೊರಬಂದ ಗ್ರಾಸ್‌ಹಾಪರ್ ಎಂಬ ಸಾಧನದ ತರುವಾಯ ಈ ವಿದ್ಯೆ ಪ್ರಪಂಚದ ಎಲ್ಲೆಡೆ ತರಗತಿಗಳನ್ನು ಪ್ರವೇಶಿಸಿತು. (ಮಿಡತೆಯ ಹೆಸರನ್ನು ಅದಕ್ಕೆ ಏಕಿಟ್ಟರೋ, ಬೆಳೆಯ ಮೇಲೆ ಮಿಡತೆ ಕಂಡ ನಮ್ಮ ರೈತರಿಗೆ ಆ ಹೆಸರು ಅಷ್ಟೇನೂ ಹಿತವೆನಿಸದು.)

ಹರದನಹಳ್ಳಿಯ ಸುತ್ತಿನ ಶಾಲೆಗಳಲ್ಲಿ ಓದಿದ ಹುಡುಗ ಹುಡುಗಿಯರೂ ಈಗ ಐದು ವರ್ಷಗಳ ಈ ವ್ಯಾಸಂಗಕ್ಕೆ ಹೋಗುತ್ತಿದ್ದಾರೆ. ಆದುದರಿಂದ ಈ ವಿಷಯವು ನಮಗೆ ದೂರದ್ದಲ್ಲ. ಯಂತ್ರ ಬಂದು ಕೈಯ ಕಸುಬು ಕೆಟ್ಟಿತು ಎಂದು ಕೊರಗುವ ಹಿರಿಯರಿದ್ದಾರೆ. ಯಂತ್ರವನ್ನು ಕೊಂಡೊಡನೆ ವಿದ್ಯೆಯೂ ಬಂತೆಂದು ಭಾವಿಸುವ ಆಡಳಿತಗಾರರೂ ಇದ್ದಾರೆ. ಎರಡೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ನಿಯಮದಿಂದ ಆಕಾರವನ್ನು ಪಡೆಯುವ ವಿದ್ಯೆ ಯಂತ್ರಕ್ಕಿಂತ ಬಹಳ ಹಳೆಯದು. ಅದನ್ನು ಮೊದಲು ಕೈಯಿಂದ ಕಲಿಸಿ, ಅನಂತರ ಯಂತ್ರಕ್ಕೆ ಒಪ್ಪಿಸಬೇಕು.

ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಾಗಿಲ್ಲ. ಬಾರ್ಸಿಲೋನಾದ ಆಂಟೋನಿ ಗೌಡಿ ದಾರಗಳಿಗೆ ಸೀಸದ ಗುಂಡಿನ ಚೀಲಗಳನ್ನು ತೂಗುಬಿಟ್ಟು, ಆ ರೂಪವನ್ನು ತಲೆಕೆಳಗು ಮಾಡಿ ಕಮಾನುಗಳ ಆಕಾರವನ್ನು ಕಂಡುಕೊಂಡದ್ದು ಪ್ರಸಿದ್ಧವೇ ಆಗಿದೆ. ಆದರೆ ಅವನಿಗಿಂತ ಆರುನೂರು ವರ್ಷಗಳಿಗೂ ಹಿಂದೆ ನಮ್ಮ ಜಿಲ್ಲೆಯ ಶಿಲ್ಪಿಗಳು ನಿಯಮದ ಮೂಲಕವೇ ದೇವಾಲಯದ ತಳವಿನ್ಯಾಸವನ್ನು ನಿರ್ಣಯಿಸುತ್ತಿದ್ದರು. ಹೊಯ್ಸಳರ ನಕ್ಷತ್ರಾಕಾರದ ಗುಡಿಗಳನ್ನು ನೋಡಬೇಕು. ಒಂದು ವೃತ್ತದ ಪರಿಧಿಯನ್ನು ಹದಿನಾರು ಸಮಭಾಗ ಮಾಡಿ, ಪ್ರತಿ ಬಿಂದುವಿನಿಂದ ನಾಲ್ಕನೆಯ ಬಿಂದುವಿಗೆ ಗೆರೆ ಸೇರಿಸುತ್ತಾ ಹೋದರೆ ನಾಲ್ಕು ಚೌಕಗಳು ದೊರೆಯುತ್ತವೆ. ಅಂದರೆ ಒಂದೇ ಚೌಕವನ್ನು ಅದರ ಕೇಂದ್ರದ ಸುತ್ತ 22.5 ಡಿಗ್ರಿಯಂತೆ ತಿರುಗಿಸಿದಂತಾಯಿತು. ಹೊರಗಿನ ಅಂಚೇ ಹದಿನಾರು ಮೂಲೆಗಳ ನಕ್ಷತ್ರ. ಮೂರು ಚೌಕಗಳಾದರೆ ಹನ್ನೆರಡು ಮೂಲೆ, ಎಂಟಾದರೆ ಮೂವತ್ತೆರಡು. ಬದಲಾದದ್ದು ಒಂದೇ ಸಂಖ್ಯೆ. ಗೋಡೆ, ಅಧಿಷ್ಠಾನ, ಶಿಖರಗಳೆಲ್ಲವೂ ಅದನ್ನು ಅನುಸರಿಸುತ್ತವೆ. ಇಂದಿನ ತರಗತಿಯಲ್ಲಿ ಪ್ಯಾರಾಮೀಟರ್ ಎನ್ನುವುದು ಇದನ್ನೇ.

ಆದರೆ ಶಿಲ್ಪಿಯು ಆ ಸಂಖ್ಯೆಯನ್ನು ಮನಬಂದಂತೆ ಹೆಚ್ಚಿಸಲಿಲ್ಲ. ಮೂಲೆಗಳು ಹೆಚ್ಚಿದಂತೆ ಪ್ರತಿಯೊಂದು ಮುಖವೂ ಕಿರಿದಾಗುತ್ತದೆ. ವಿಗ್ರಹವನ್ನು ನಿಲ್ಲಿಸಲು ಸ್ಥಳ ಸಾಲದು. ಬೆಳಕು ನೆರಳುಗಳ ಭೇದವೂ ಕುಗ್ಗಿ, ನಕ್ಷತ್ರವು ದುಂಡನೆಯ ಗೋಡೆಯಂತೆ ಕಾಣತೊಡಗುತ್ತದೆ. ಎಲ್ಲಿ ನಿಲ್ಲಬೇಕೆಂಬುದನ್ನು ಅವನಿಗೆ ತಿಳಿಸಿದ್ದು ಕಲ್ಲು, ಉಳಿ ಮತ್ತು ವಿಗ್ರಹದ ಅಗಲ. ಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಗೆ ಈ ತಡೆ ಇಲ್ಲ. ನೂರು ಮೂಲೆ ಕೇಳಿದರೆ ಯಂತ್ರವು ಕ್ಷಣಮಾತ್ರದಲ್ಲಿ ನೂರು ಮೂಲೆಯನ್ನೇ ಕೊಡುತ್ತದೆ, ಕಟ್ಟುವವನ ಕಷ್ಟವನ್ನು ಅದು ಕೇಳುವುದಿಲ್ಲ. ಪರದೆಯ ಮೇಲೆ ಬಳುಕುವ ಗೋಡೆಗಳನ್ನು ಬರೆದು, ಅದಕ್ಕೆ ಗಾರೆಯವನು ಹಲಗೆ ಕಟ್ಟುವುದು ಹೇಗೆಂದು ಕೇಳಿದರೆ ಉತ್ತರ ತಿಳಿಯದ ಪದವೀಧರರು ಹೊರಬರುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ನಮಗೆ ದೂರವಲ್ಲ. ಅಲ್ಲಿ 1246ರಲ್ಲಿ ನಿರ್ಮಾಣವಾದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮ ಮೊದಲಾದ ಶಿಲ್ಪಿಗಳ ಹೆಸರುಗಳು ಇಂದಿಗೂ ಉಳಿದಿವೆ. ಅದೇ ಊರಿನ ಸದಾಶಿವ ದೇವಾಲಯದ ತಳವಿನ್ಯಾಸವು ನಕ್ಷತ್ರಾಕಾರದ್ದು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಎಲ್ಲರೂ ಹೋಗುತ್ತಾರೆ. ನೂಲು ಹಿಡಿದು ಅಳೆಯಲು ನುಗ್ಗೇಹಳ್ಳಿಯಂತಹ ಸಂದಣಿಯಿಲ್ಲದ ಸ್ಥಳವೇ ಲೇಸು.

ದತ್ತಾಂಶದ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ನಮ್ಮಲ್ಲಿ ಮನೆ ಕಟ್ಟುವವರು ಆಯ ನೋಡುತ್ತಾರೆ. ಅಳತೆಯನ್ನು ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷವು ಬೆಸವಾದರೆ ಶುಭವೆಂದೂ ಸಮವಾದರೆ ಅಶುಭವೆಂದೂ ನಿರ್ಣಯಿಸುತ್ತಾರೆ. ಇದೂ ಒಂದು ಲೆಕ್ಕವೇ. ಅದರ ಕಾರಣವನ್ನು ಕೇಳಿದರೆ ಹೇಳುವವರು ವಿರಳ. ಕಾರಣ ತಿಳಿಯದೆ ಗಣಕಯಂತ್ರದ ಉತ್ತರವನ್ನು ನಂಬುವವನಿಗೂ ಆಯದ ಶೇಷವನ್ನು ನಂಬುವವನಿಗೂ ನನಗಂತೂ ಹೆಚ್ಚಿನ ಭೇದ ಕಾಣುವುದಿಲ್ಲ.

ಒಂದು ಸಂಗತಿಯನ್ನು ಗಮನಿಸಬಹುದು. ಯೂರೋಪಿನ ಪಠ್ಯಗಳು ದಕ್ಷಿಣದ ಗೋಡೆಗೆ ನೆರಳು ಕಲ್ಪಿಸಿರೆಂದು ಹೇಳುತ್ತವೆ. ಅಲ್ಲಿ ಮಧ್ಯಾಹ್ನದ ಸೂರ್ಯನು ಸದಾ ದಕ್ಷಿಣದಲ್ಲಿರುವನು. ಹಾಸನ ಜಿಲ್ಲೆಯಾದರೋ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಜೂನ್ 21ರಂದು ಸುಮಾರು ಹತ್ತು ಡಿಗ್ರಿಯಷ್ಟು. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು, ಮೇ ತಿಂಗಳ ಮಧ್ಯಾಹ್ನ ಅದರ ನೆರಳು ದಕ್ಷಿಣಕ್ಕೆ ಬೀಳುವುದನ್ನು ಕಂಡ ಹುಡುಗನು ಮುಂದೆ ಎರವಲು ತಂದ ನಿಯಮವನ್ನು ಪರೀಕ್ಷಿಸದೆ ಒಪ್ಪಲಾರನು. ಮಳೆಯೂ ಹಾಗೆಯೇ. ಸಕಲೇಶಪುರದ ಮಳೆಯು ಚನ್ನರಾಯಪಟ್ಟಣದ ಮಳೆಯ ಎರಡು ಪಟ್ಟಿಗಿಂತಲೂ ಹೆಚ್ಚು. ಜಿಲ್ಲೆಗೆಲ್ಲ ಒಂದೇ ಅಂಕಿಯನ್ನು ಹಿಡಿದು ಸೂರಿನ ಚಾಚನ್ನು ನಿರ್ಣಯಿಸುವುದು ವ್ಯರ್ಥ.

ದಾನಿಗಳು ಗಣಕಯಂತ್ರಗಳನ್ನು ಉದಾರವಾಗಿ ನೀಡುತ್ತಿರುವುದು ಸಂತೋಷದ ವಿಷಯ. ಅದರೊಡನೆ ಅಳತೆಯ ಪಟ್ಟಿಗಳು, ಒಂದು ಉಷ್ಣಮಾಪಕ, ಒಂದು ಮಳೆಮಾಪಕ, ವರ್ಷಕ್ಕೊಮ್ಮೆ ನುಗ್ಗೇಹಳ್ಳಿಗೆ ಹೋಗಿ ಬರುವ ಬಸ್ಸಿನ ವೆಚ್ಚ, ಇವಿಷ್ಟನ್ನೂ ಒದಗಿಸಬೇಕೆಂದು ವಿನಂತಿಸುತ್ತೇನೆ. ಗಣಿತದ ಅಧ್ಯಾಪಕರು ನಿತ್ಯದ ಅಂಕಿಗಳನ್ನು ಮಕ್ಕಳಿಂದಲೇ ಒಂದು ದಪ್ಪ ಪುಸ್ತಕದಲ್ಲಿ ಬರೆಸಲಿ. ವಾಸ್ತುಶಿಲ್ಪಿಗಳಾಗಿರುವ ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಆ ಅಂಕಿಗಳನ್ನು ಯಂತ್ರಕ್ಕೆ ಒದಗಿಸಿ, ನಮ್ಮದೇ ತರಗತಿಯ ಕೊಠಡಿಗೆ ಕಿಟಕಿ ಎಲ್ಲಿರಬೇಕಿತ್ತೆಂದು ಮಕ್ಕಳಿಗೆ ತೋರಿಸಲಿ. ಮಳೆಮಾಪಕವನ್ನು ಮುಂದಿನ ಮುಂಗಾರಿಗೆ ಮೊದಲೇ, ಮರಗಳ ಮರೆಯಿಲ್ಲದ ಕಡೆ, ಅಂಗಳದಲ್ಲಿ ನಿಲ್ಲಿಸಬಹುದು.