ತರುಣ ಚಿತ್ರಕಾರನೂ ಅವನ ಬಳಗವೂ

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳ ಸಂಚಾರ ನಿಂತು, ದಾರಿಯ ಎರಡು ಬದಿಗಳಲ್ಲಿಯೂ ಚಿತ್ರಗಳು ಸಾಲುಗೊಳ್ಳುತ್ತವೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆ ಇದು. ಸಾವಿರಕ್ಕೂ ಮಿಕ್ಕ ಕಲಾವಿದರು ಇಲ್ಲಿಗೆ ಬರುತ್ತಾರೆ. ಚಿತ್ರವೆಂದರೆ ಶ್ರೀಮಂತರ ದಿವಾನಖಾನೆಯ ಅಲಂಕಾರವೆಂಬ ಭಾವನೆಯನ್ನು ಈ ಸಂತೆ ಬಹುಮಟ್ಟಿಗೆ ಸಡಿಲಿಸಿದೆ. ಕೊಳ್ಳುವವನಿಗೂ ಬರೆದವನಿಗೂ ನಡುವೆ ದಲ್ಲಾಳಿಯಿಲ್ಲ. ತನ್ನ ಕೃತಿಯ ಪಕ್ಕದಲ್ಲಿ ಕಲಾವಿದ ತಾನೇ ನಿಂತಿರುತ್ತಾನೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಸಂತೆ ಮುಗಿದ ಮಾರನೆಯ ದಿನದಿಂದ ಈ ಸಾವಿರ ಮಂದಿಯ ಬಾಳು ಹೇಗೆ? ಅವರಲ್ಲಿ ಈಗತಾನೆ ಕಲಾಶಾಲೆಯಿಂದ ಹೊರಬಿದ್ದ ತರುಣ ತರುಣಿಯರ ಪಾಡೇನು? ವಿಚಾರಮಾಡಬೇಕಾದುದು ಇದು.

ಅಂಥವರ ದಿನಚರಿಯನ್ನು ಊಹಿಸುವುದು ಕಷ್ಟವಲ್ಲ. ಹಗಲಿನಲ್ಲಿ ಯಾವುದೋ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರ ಕೆಲಸ, ಇಲ್ಲವೆ ಜಾಹೀರಾತಿನ ಕಚೇರಿಯಲ್ಲಿ ಗಣಕಯಂತ್ರದ ಮುಂದಿನ ದುಡಿಮೆ. ರಾತ್ರಿ ಬಾಡಿಗೆ ಕೋಣೆಯ ಮೂಲೆಯಲ್ಲಿ ಬಣ್ಣ, ಕುಂಚ. ಕ್ಯಾನ್ವಾಸಿಗೆ ಹಣ ಬೇಕು, ಚೌಕಟ್ಟಿಗೆ ಅದಕ್ಕಿಂತ ಹೆಚ್ಚು ಬೇಕು. ಇವೆಲ್ಲವನ್ನೂ ಹೇಗೋ ನಿಭಾಯಿಸಿಕೊಂಡರೂ ಕೊನೆಗೊಂದು ಕೊರತೆ ಉಳಿಯುತ್ತದೆ. ಬರೆದ ಚಿತ್ರವನ್ನು ನಿಧಾನವಾಗಿ ನೋಡಿ, ಇಲ್ಲಿ ಗೆದ್ದಿದ್ದೀಯೆ, ಇಲ್ಲಿ ಸೋತಿದ್ದೀಯೆ ಎಂದು ಬಾಯಿಬಿಟ್ಟು ಹೇಳಬಲ್ಲ ನಾಲ್ಕು ಜನರಿಲ್ಲ. ಸಂತೆಯ ಗ್ರಾಹಕ ಅದನ್ನು ಹೇಳಲಾರ. ಅದು ಅವನ ಹೊಣೆಯೂ ಅಲ್ಲ. ಅವನು ಮೆಚ್ಚಿದ್ದನ್ನು ಕೊಳ್ಳುತ್ತಾನೆ. ಕಳೆದ ವರ್ಷ ಮಾರಾಟವಾದ ಗಣಪತಿಯನ್ನೇ, ಕುದುರೆಯನ್ನೇ ಈ ವರ್ಷವೂ ಬರೆಯುವ ಆಸೆ ಕಲಾವಿದನಲ್ಲಿ ಮೂಡಿದರೆ ಅದಕ್ಕೆ ಅವನನ್ನು ಹಳಿಯುವುದೂ ನ್ಯಾಯವಲ್ಲ.

ಪ್ರತಿಭಾವಂತ ಏಕಾಂತದಲ್ಲಿಯೇ ಬೆಳೆಯುತ್ತಾನೆಂದು ನಂಬುವವರು ಕೆ. ವೆಂಕಟಪ್ಪನವರನ್ನು ಉದಾಹರಿಸುವುದುಂಟು. ಚಿತ್ರಕ್ಕೂ ವೀಣೆಗೂ ಜೀವನವನ್ನೊಪ್ಪಿಸಿ, ಬ್ರಹ್ಮಚಾರಿಯಾಗಿಯೇ ಬಾಳಿ, 1965ರಲ್ಲಿ ತೀರಿಕೊಂಡ ಅವರು ಏಕಾಂತಪ್ರಿಯರೆಂಬುದು ನಿಜ. ಆದರೆ ಆ ಏಕಾಂತದ ಹಿಂದೆ ಕಲ್ಕತ್ತೆಯ ವರ್ಷಗಳಿವೆ. ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ನಂದಲಾಲ ಬಸು ಮೊದಲಾದವರ ಒಡನಾಟದಲ್ಲಿ ಅವರ ಕೈ ಪಳಗಿತು. ಬಳಗದಲ್ಲಿ ಮಾಗಿದವನಿಗೆ ಏಕಾಂತ ಫಲ ಕೊಡುತ್ತದೆ. ಬಳಗವನ್ನೇ ಕಾಣದವನಿಗೆ ಅದು ಬರಿಯ ಒಂಟಿತನ.

ನಮ್ಮ ನಾಡಿನಲ್ಲಿ ಇಂತಹ ಬಳಗಗಳನ್ನು ಕಟ್ಟಿದವರಲ್ಲಿ ಅನೇಕರು ಸ್ವತಃ ಚಿತ್ರಕಾರರೇ. ಬೆಂಗಳೂರಿನಲ್ಲಿ 1919ರಲ್ಲಿ ಕಲಾಮಂದಿರವನ್ನು ಸ್ಥಾಪಿಸಿದ ಅ. ನ. ಸುಬ್ಬರಾಯರು, ಧಾರವಾಡದಲ್ಲಿ ಹಾಲಭಾವಿಯವರು, ಗದಗಿನಲ್ಲಿ ಟಿ. ಪಿ. ಅಕ್ಕಿಯವರು, ಕೆನ್ ಕಲಾಶಾಲೆಯನ್ನು ನಡೆಸಿದ ಆರ್. ಎಂ. ಹಡಪದರು, ಚಿತ್ರಕಲಾ ಪರಿಷತ್ತನ್ನು ಬೆಳೆಸಿದ ಎಂ. ಎಸ್. ನಂಜುಂಡರಾಯರು — ಇವರೆಲ್ಲ ತಮ್ಮ ಕುಂಚದ ಹೊತ್ತನ್ನು ಇತರರಿಗಾಗಿ ಕೊಟ್ಟವರು. ಈ ತ್ಯಾಗಕ್ಕೆ ಬೆಲೆ ತೆರಬೇಕಾಯಿತೆಂಬುದನ್ನೂ ಮರೆಯಬಾರದು. ನಂಜುಂಡರಾಯರನ್ನು ಇಂದು ಜನ ನೆನೆಯುವುದು ಅವರ ಚಿತ್ರಗಳಿಗಿಂತ ಹೆಚ್ಚಾಗಿ ಪರಿಷತ್ತಿಗಾಗಿ, ಹಡಪದರನ್ನು ಗುರುವೆಂದು. ಸಂಸ್ಥೆ ಬೆಳೆದಂತೆ ಅದನ್ನು ಕಟ್ಟಿದವನ ಕ್ಯಾನ್ವಾಸು ಕಾಯುತ್ತ ಕೂರುತ್ತದೆ.

ಈ ಇಕ್ಕಟ್ಟು ನಮ್ಮ ಕಾಲದಲ್ಲಿ ಸ್ಪಷ್ಟವಾಗಿ ಎದುರಾದದ್ದು ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯ ವಿಷಯದಲ್ಲಿ. ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲಿರುವ ಈ ಕಟ್ಟಡದಲ್ಲಿ ಅಲ್ಪ ಬಾಡಿಗೆಗೆ ಪ್ರದರ್ಶನ ನಡೆಸಿ ಮೊದಲ ಹೆಸರು ಪಡೆದ ಕಲಾವಿದರು ಬಹಳ ಮಂದಿ. ಇದನ್ನು ಒಂದು ಖಾಸಗಿ ಪ್ರತಿಷ್ಠಾನ ದತ್ತು ತೆಗೆದುಕೊಂಡು ನವೀಕರಿಸಬೇಕೆಂಬ ಒಪ್ಪಂದವನ್ನು ಸರ್ಕಾರ 2015ರಲ್ಲಿ ಮಾಡಿಕೊಂಡಿತು. ಕಟ್ಟಡ ಸೊರಗಿದ್ದುದು ಸುಳ್ಳಲ್ಲ. ಹಣವುಳ್ಳವರು ಮುಂದೆ ಬಂದರೆ ತಪ್ಪೇನೆಂಬ ವಾದದಲ್ಲಿಯೂ ಹುರುಳಿತ್ತು. ಆದರೆ ಸಾರ್ವಜನಿಕರ ಗೋಡೆ ಕೆಲವರ ಅಭಿರುಚಿಯ ಅಧೀನವಾದರೆ, ಹೆಸರಿಲ್ಲದ ತರುಣನಿಗೆ ಅಲ್ಲಿ ಮೊಳೆ ಹೊಡೆಯುವ ಹಕ್ಕು ಉಳಿಯುವುದೆ ಎಂಬ ಕಲಾವಿದರ ಪ್ರಶ್ನೆ ಇನ್ನೂ ಮೂಲಭೂತವಾದುದು. ಅವರು ವೇದಿಕೆ ಕಟ್ಟಿಕೊಂಡರು; 2016ರಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಯೋಜನೆ ಮುಂದುವರಿಯಲಿಲ್ಲ.

ಆ ಹೋರಾಟದಲ್ಲಿ ಹಿರಿಯರ ಜೊತೆಗೆ ನಿಂತ ಕಿರಿಯರಿಗೆ ಚಿತ್ರ ಬರೆಯುವ ಹೊತ್ತು ಹೋಯಿತು. ಅದು ವ್ಯರ್ಥವಾಯಿತೆ? ಹಾಗೆನ್ನಲು ಮನಸ್ಸೊಪ್ಪದು. ತನ್ನ ಚಿತ್ರಕ್ಕೆ ಗೋಡೆ ಬೇಕೆನ್ನುವವನು ಗೋಡೆಯನ್ನು ಕಾಯುವುದರಲ್ಲಿಯೂ ಪಾಲುಗೊಳ್ಳಬೇಕಾದುದು ಸಹಜ. ಆದರೆ ಗೋಡೆ ಉಳಿದ ಮಾತ್ರಕ್ಕೆ ಚಿತ್ರ ಮೇಲಾಗುವುದಿಲ್ಲ. ಹೋರಾಟಕ್ಕೆ ಕೂಡಿದವರು ನೋಟಕ್ಕೂ ಕೂಡಿದಾಗಲೇ ಸಮುದಾಯವೆಂಬ ಮಾತು ಸಾರ್ಥಕ.

ಇಂದು ನಮ್ಮಲ್ಲಿ ಕುಂದಿರುವುದು ಈ ನೋಟವೇ. ಪ್ರದರ್ಶನದ ಉದ್ಘಾಟನೆಗೆ ದೀಪವಿದೆ, ಶಾಲಿದೆ, ಹಾರವಿದೆ. ಮರುದಿನ ಚಿತ್ರಗಳ ಮುಂದೆ ಕಾವಲುಗಾರನೊಬ್ಬನೇ. ಪತ್ರಿಕೆಯ ವರದಿಯಲ್ಲಿ ಉದ್ಘಾಟಕರ ಭಾಷಣಕ್ಕೆ ಸಿಕ್ಕ ಜಾಗ ಚಿತ್ರಕ್ಕೆ ಸಿಕ್ಕುವುದು ಅಪರೂಪ. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಆರಡಿಯ ಕೃತಿ ಒಂದು ಕ್ಷಣ ಮಿಂಚಿ, ನೂರು ಮೆಚ್ಚುಗೆ ಪಡೆದು ಮರೆಯಾಗುತ್ತದೆ. ಬಣ್ಣದ ದಪ್ಪ, ಕುಂಚದ ಒರಟು, ಕೃತಿಯ ಅಳತೆ ಇವಾವುವೂ ಅಲ್ಲಿ ತಲುಪುವುದಿಲ್ಲ. ಹೊಗಳಿಕೆ ಸುಲಭವಾಗಿ ದೊರೆಯುವ ಕಡೆ ವಿಮರ್ಶೆ ಬಡವಾಗುತ್ತದೆ.

ದಾರಿಯಿಲ್ಲವೆಂದಲ್ಲ. ಕಲಾ ಇತಿಹಾಸಕಾರರಾದ ಸುರೇಶ್ ಜಯರಾಂ ಅವರು ಬೆಂಗಳೂರಿನ ಶಾಂತಿ ರಸ್ತೆಯ ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದಿಟ್ಟು, ಅಲ್ಲಿ ತಂಗಿ ಕೆಲಸಮಾಡಲು, ತೋರಿಸಲು, ಚರ್ಚಿಸಲು ಅನುವುಮಾಡಿಕೊಟ್ಟಿದ್ದಾರೆ. ದೊಡ್ಡ ಕಟ್ಟಡಕ್ಕಾಗಿ ಕಾಯಬೇಕಾಗಿಲ್ಲವೆಂಬುದಕ್ಕೆ ಇದು ಸಾಕ್ಷಿ. ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ, ಗ್ರಂಥಾಲಯಗಳಲ್ಲಿ ಒಂದು ಗೋಡೆಯನ್ನು ಊರಿನ ಚಿತ್ರಕಾರರಿಗಾಗಿ ಬಿಟ್ಟುಕೊಡಬಹುದು. ತಿಂಗಳಿಗೊಂದು ಸಂಜೆ ಹತ್ತು ಜನ ಕಲೆತು, ಒಂದೆರಡು ಕೃತಿಗಳನ್ನು ಮುಂದಿಟ್ಟುಕೊಂಡು ಮುಲಾಜಿಲ್ಲದೆ ಮಾತನಾಡಬಹುದು. ಸಾಹಿತ್ಯದ ಅಧ್ಯಾಪಕರು ಕವಿತೆಯನ್ನು ಪಾಠಮಾಡುವಷ್ಟೇ ಸಹಜವಾಗಿ ವಿದ್ಯಾರ್ಥಿಗಳನ್ನು ಚಿತ್ರದ ಮುಂದೆ ಅರ್ಧಗಂಟೆ ನಿಲ್ಲಿಸಬಹುದು. ಇದಕ್ಕೆ ಬೇಕಾದುದು ಅನುದಾನಕ್ಕಿಂತ ಹೆಚ್ಚಾಗಿ ವ್ಯವಧಾನ.

ತರುಣ ಚಿತ್ರಕಾರನೂ ತನ್ನ ಪಾಲಿನ ಲೆಕ್ಕವನ್ನು ತಾನೇ ಇಟ್ಟುಕೊಳ್ಳಬೇಕು. ಸಭೆ, ಸಮಿತಿ, ಶಿಬಿರಗಳಿಗೆ ವಾರದ ಒಂದು ಹೊತ್ತನ್ನು ಧಾರಾಳವಾಗಿ ಕೊಡಲಿ. ಉಳಿದ ಹೊತ್ತಿನಲ್ಲಿ ಯಾರು ಬಾಗಿಲು ತಟ್ಟಿದರೂ ತೆರೆಯದಿರಲಿ. ಹಿಂದಿನವರು ತಮ್ಮ ಚಿತ್ರಗಳನ್ನೇ ಮುಡಿಪಿಟ್ಟು ಕಟ್ಟಿಕೊಟ್ಟ ಶಾಲೆಗಳಲ್ಲಿ ಕಲಿತವನ ಮೇಲಿನ ಮೊದಲ ಋಣವೆಂದರೆ, ಅವರಿಗೆ ಬರೆಯಲಾಗದೆ ಹೋದ ಚಿತ್ರವನ್ನು ತಾನು ಬರೆಯುವುದು. ಆ ಚಿತ್ರವನ್ನು ನೋಡಲು ಬಿಡುವು ಮಾಡಿಕೊಳ್ಳುವ ಋಣ ನಮ್ಮದು.